ಚಾವಡಿಯ ಮಾಳಿಗೆ

ಹಳೆಯ ಚಾವಡಿ, ಅಂದರೆ ಊರಿನ ಕಂದಾಯ, ಲೆಕ್ಕಪತ್ರ ನಡೆಯುತ್ತಿದ್ದ ಕಟ್ಟಡ, ನೋಡಲು ಬಂದವರು ಕಂಬದ ಕೆತ್ತನೆ ನೋಡಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಕಟ್ಟಡ ಇನ್ನೆಷ್ಟು ಮಳೆಗಾಲ ತಡೆದೀತು ಎಂದು ತಿಳಿಯಬೇಕಾದರೆ ಕಂಬ ಬಿಟ್ಟು, ಕತ್ತೆತ್ತಿ ಮೂಲೆಗಳನ್ನು ನೋಡಬೇಕು. ಮಾಳಿಗೆ ಹೊರುವ ಅಡ್ಡ ಕಟ್ಟಿಗೆಯ, ಅಂದರೆ ಜಂತಿಯ, ತುದಿ ಗೋಡೆಯೊಳಗೆ ಹೊಕ್ಕ ಜಾಗ ಕಪ್ಪಗೆ ಕಲೆಗಟ್ಟಿದೆಯೇ? ಗೋಡೆಯ ಮೇಲೆ ರಾಡಿ ನೀರು ಇಳಿದ ಗೆರೆ ಇದೆಯೇ? ಪೆನ್ಸಿಲ್ ದಪ್ಪದ ಒರಲೆಯ ಮಣ್ಣುದಾರಿ ನೆಲದಿಂದ ಮೇಲಕ್ಕೆ ಹತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಸಾಕು, ಏಣಿ ತರಿಸಿ ಮಾಳಿಗೆ ಹತ್ತಬೇಕು. ರೋಗ ಇರುವುದು ಅಲ್ಲಿ.

ಗದಗ, ರೋಣ, ನರಗುಂದ, ನವಲಗುಂದ, ಅಣ್ಣಿಗೇರಿ ಸುತ್ತಲಿನ ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ, ಊರುಗಳಲ್ಲಿ ಚಾವಡಿಯ ರೂಪ ಹೆಚ್ಚುಕಡಿಮೆ ಒಂದೇ. ಊರಬಾಗಿಲಾದ ಅಗಸಿಯ ಹತ್ತಿರ, ಇಲ್ಲವೇ ಹನುಮಂತದೇವರ ಗುಡಿಯ ಎದುರು, ಎರಡೂವರೆ-ಮೂರು ಅಡಿ ಎತ್ತರದ ಕಲ್ಲಿನ ಕಟ್ಟೆ. ಅದರ ಮೇಲೆ ಮೂರು ಕಡೆ ದಪ್ಪ ಗೋಡೆ, ಬೀದಿಯ ಕಡೆಗೆ ತೆರೆದ ಮುಖ, ನಾಲ್ಕೋ ಆರೋ ಕಟ್ಟಿಗೆ ಕಂಬ. ಒಂದು ಮಗ್ಗುಲಲ್ಲಿ ದಪ್ತರ, ಅಂದರೆ ಊರ ಕಾಗದಪತ್ರ, ಇಡುವ ಸಣ್ಣ ಕೋಣೆ, ಅದಕ್ಕೆ ಗಟ್ಟಿ ಬಾಗಿಲು. ಮೇಲೆ ಮಣ್ಣಿನ ಸಪಾಟು ಮಾಳಿಗೆ, ಅಂದರೆ ಮೇಲ್ಮುದ್ದೆ. ಬೀದಿಯ ಕಡೆಗೆ ಗೋಡೆ ಇಲ್ಲದಿರುವುದು ಬಡತನದಿಂದಲ್ಲ. ಒಳಗೆ ಏನು ನಡೆಯುತ್ತಿದೆ ಎಂಬುದು ದಾರಿಹೋಕರಿಗೂ ಕಾಣಬೇಕು, ಕೇಳಬೇಕು ಎಂಬುದೇ ಆ ವಿನ್ಯಾಸದ ಉದ್ದೇಶ.

ಕೇಳುವಂಥದ್ದು ಅಲ್ಲಿ ಬೇಕಾದಷ್ಟು ಇತ್ತು. 1818ರಲ್ಲಿ ಪೇಶ್ವೆ ಆಡಳಿತ ಮುಗಿದು ಧಾರವಾಡ ಸೀಮೆ ಕಂಪನಿ ಸರಕಾರದ ಕೈಗೆ ಹೋಯಿತು. 1840ರ ದಶಕದಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಂಗೇಟ್ ಸಾಹೇಬನ ಭೂಮಾಪನ ಸರ್ವೆ ಈ ಭಾಗಕ್ಕೆ ಬಂದು ಹೊಲಕ್ಕೊಂದು ನಂಬರು, ಮೇರೆಗೊಂದು ಕಲ್ಲು, ನಂಬರಿಗೊಂದು ಆಕಾರ, ಅಂದರೆ ಕಂದಾಯದ ಮೊತ್ತ, ಎಂದು ಗೊತ್ತುಮಾಡಿತು. 30 ವರ್ಷಕ್ಕೊಮ್ಮೆ ಆಕಾರ ಪರಿಷ್ಕರಣೆ. ಆ ದುಡ್ಡು ಕಂತಿನಲ್ಲಿ ಬಂದು ಬೀಳುತ್ತಿದ್ದುದು ಚಾವಡಿಯಲ್ಲಿ. ಊರ ಮುಖ್ಯಸ್ಥರಾದ ಗೌಡರು ಎದುರಿಗೆ ಕೂತಿರಬೇಕು, ಲೆಕ್ಕ ಬರೆಯುವ ಕುಲಕರ್ಣಿ ಮರಾಠಿಯ ಕೂಡುಬರಹವಾದ ಮೋಡಿ ಅಕ್ಷರದಲ್ಲಿ ಬರೆದುಕೊಳ್ಳಬೇಕು, ಊರ ಕಾವಲಿನ ತಳವಾರ ಬಾಕಿದಾರರನ್ನು ಕರೆತರಬೇಕು. ಬೆಳೆಯ ಆಣೆವಾರಿ, ಅಂದರೆ ಬೆಳೆ ಎಷ್ಟು ಬಂತು ಎಂಬುದನ್ನು ಆಣೆ ಲೆಕ್ಕದಲ್ಲಿ ಅಂದಾಜು ಮಾಡುವ ಚರ್ಚೆಯೂ ಅಲ್ಲೇ. 16 ಆಣೆ ಎಂದರೆ ಪೂರ್ಣ ಬೆಳೆ. ಮುಂಬಯಿ ಸರಕಾರದ ನಿಯಮದಂತೆ ಬೆಳೆ 4 ಆಣೆ ಅಥವಾ ಅದಕ್ಕಿಂತ ಕೆಳಗೆ ಬಿದ್ದರೆ ಆ ವರ್ಷದ ಕಂದಾಯ ವಸೂಲಿ ತಡೆಹಿಡಿಯಬೇಕಿತ್ತು. ಹಾಗಾಗಿ ಮೂರೂವರೆ ಆಣೆಯೋ ನಾಲ್ಕೂವರೆ ಆಣೆಯೋ ಎಂಬ ಮಾತಿಗೆ ಒಂದು ಮನೆತನದ ಎತ್ತು ಉಳಿಯುವುದೋ ಮಾರಿಹೋಗುವುದೋ ತೂಗುತ್ತಿತ್ತು. ದಾರಿ ತಪ್ಪಿ ಹೊಲ ಮೇಯ್ದ ದನ ಕೂಡುವ ಕೊಂಡವಾಡ ಅನೇಕ ಊರುಗಳಲ್ಲಿ ಚಾವಡಿಯ ಹಿಂದೆಯೇ ಇರುತ್ತಿತ್ತು. ಬೇರೆ ಜಾಗ ಸಿಗದ ಕಡೆ ಗಾಂವಠಿ, ಅಂದರೆ ಹಳ್ಳಿಯ, ಶಾಲೆಯೂ ಅದೇ ಕಟ್ಟೆಯ ಮೇಲೆ ನಡೆಯಿತು.

ಸಾಲದ ವಿಷಯದಲ್ಲಿ ಮಾತ್ರ ಚಾವಡಿ ರೈತನಿಗೆ ಏನೂ ಕೊಡುತ್ತಿರಲಿಲ್ಲ. ಸರಕಾರ ರೈತನಿಗೆ ಕೊಡುವ ತಗಾವಿ ಸಾಲದ ಕಾಯ್ದೆಗಳು 1883 ಮತ್ತು 1884ರಲ್ಲಿ ಬಂದರೂ ಬೀಜಕ್ಕೆ, ಎತ್ತಿಗೆ ಸಾಹುಕಾರನ ಮನೆಯೇ ಗತಿ. ಅದನ್ನು ಒಡೆದದ್ದು ಗದಗ ಹತ್ತಿರದ ಕಣಗಿನಹಾಳ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಆ ಕಾಯ್ದೆಗೆ ಬೇಕಾದದ್ದು 10 ಜನ, ಒಂದೇ ಊರಿನವರು ಇಲ್ಲವೇ ಅಕ್ಕಪಕ್ಕದ ಊರಿನವರು. ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿ ಇರಲಿಲ್ಲ: ಒಬ್ಬ ತೀರಿಸದಿದ್ದರೆ ಉಳಿದವರೆಲ್ಲರ ಆಸ್ತಿಯೂ ಜವಾಬು. ಯಾರಿಗೆ ಎಷ್ಟು ಕೊಡಬಹುದು ಎಂಬುದು ಕಾಗದಕ್ಕಿಂತ ಮೊದಲು ಊರಿಗೆ ಗೊತ್ತಿರಬೇಕಿತ್ತು. ಹತ್ತು ಜನರ ಎದುರಿಗೆ ಲೆಕ್ಕ ಓದುವ ರೂಢಿ ತಲೆಮಾರುಗಳಿಂದ ಇದ್ದ ಊರಲ್ಲಿ ಆ ತಿಳಿವಳಿಕೆ ಹೊಸದಾಗಿ ಕಲಿಯಬೇಕಾದದ್ದಾಗಿರಲಿಲ್ಲ ಎಂಬುದು ನಮ್ಮ ಎಣಿಕೆ.

ಚಾವಡಿ ಎಂದರೆ ಎಲ್ಲರಿಗೂ ಪ್ರೀತಿಯ ಜಾಗವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಸರಕಾರದ ಕಣ್ಣು, ಸರಕಾರದ ಪೆಟ್ಟಿಗೆ. 1942ರ ಚಳವಳಿಯಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಎಷ್ಟೋ ಚಾವಡಿಗಳಿಗೆ ಬೆಂಕಿ ಬಿತ್ತು, ದಪ್ತರ ಸುಟ್ಟು ಬೂದಿಯಾಯಿತು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದದ್ದು ಕಂದಾಯ ವಸೂಲಿಯ ಠಾಣೆಯ ಮೇಲೆ ಹೋದಾಗ. ದಂಡಿಗೆ ಗಾಂಧೀಜಿಯ ಜೊತೆ ನಡೆದಿದ್ದ ಮಹಾದೇವಪ್ಪ ಕೊನೆಗೆ ತನ್ನ ಸೀಮೆಯಲ್ಲಿ ಎದುರು ನಿಂತದ್ದು ಆ ಕಂದಾಯದ ಗಂಟಿಗೆ. ಇಂದು ಚಾವಡಿ ಉಳಿಸಬೇಕು ಎನ್ನುವವರು ಈ ಭಾಗವನ್ನು ಬಿಟ್ಟು ಬರೀ ಹಿರಿಯರ ನ್ಯಾಯಪಂಚಾಯ್ತಿ ಎಂದು ಬೋರ್ಡು ಬರೆಸಿದರೆ ಅರ್ಧ ಇತಿಹಾಸವನ್ನು ಅಳಿಸಿದಂತೆ.

ಇನ್ನು ಮಾಳಿಗೆಯ ಮಾತು. ಮಣ್ಣಿನ ಮಾಳಿಗೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ, ವರ್ಷಕ್ಕೊಮ್ಮೆ ಕೈ ಬೇಡುತ್ತದೆ. ಆ ಕೈ ಯಾರದಾಗಿತ್ತು? 1874ರ ವತನ, ಅಂದರೆ ವಂಶಪಾರಂಪರ್ಯ ಊರಕೆಲಸದ, ಕಾಯ್ದೆಯಂತೆ ಊರ ಸೇವೆಗೆ ಪ್ರತಿಯಾಗಿ ಭೂಮಿ ಉಣ್ಣುತ್ತಿದ್ದ ತಳವಾರ, ವಾಲೀಕಾರ ಮೊದಲಾದ ಮನೆತನಗಳದು. ಗುಡಿಸುವುದು, ದೀಪ ಹಚ್ಚುವುದು, ಮಣ್ಣು ಹೊರುವುದು ಬಹುಪಾಲು ಕೆಳಜಾತಿಯವರ ಹೆಗಲಿಗೇ ಬೀಳುತ್ತಿತ್ತು, ಎಷ್ಟೋ ಸಲ ಬಿಟ್ಟಿಯಾಗಿ. ಮುಂಬಯಿ ಸರಕಾರದ 1950ರ ಕಾಯ್ದೆಯಿಂದ 1951ರಲ್ಲಿ ಕುಲಕರ್ಣಿ ವತನ ಹೋಗಿ ಸರಕಾರಿ ಗ್ರಾಮಲೆಕ್ಕಿಗನಾದ ತಲಾಠಿ ಬಂದ. ಮೈಸೂರು ರಾಜ್ಯದ 1961ರ ಕಾಯ್ದೆ ಜಾರಿಯಾಗಿ 1963ರ ಫೆಬ್ರುವರಿ 1ರಿಂದ ಉಳಿದ ಊರ ವತನಗಳೂ ರದ್ದಾದವು. ಆಗಲೇಬೇಕಿದ್ದ ಕೆಲಸ. ಆದರೆ ವತನ ಹೋದಾಗ ಮಾಳಿಗೆಗೆ ಮಣ್ಣು ಹಾಕುವ ಹೊಣೆ ಯಾರಿಗೆ ಎಂದು ಯಾರೂ ಬರೆಯಲಿಲ್ಲ. ಮುಂದೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಕೆಲವು ಊರು ಸೇರಿ ಒಂದು ಗ್ರಾಮ ಪಂಚಾಯ್ತಿಯಾದಾಗ, ಪಂಚಾಯ್ತಿ ಕಚೇರಿ ಇಲ್ಲದ ಊರುಗಳ ಚಾವಡಿಗೆ ಬಾಗಿಲು ತೆರೆಯುವವರೂ ಇಲ್ಲವಾದರು. ನಾವು ಕಂಡಂತೆ ಚಾವಡಿಗಳು ಬಿದ್ದದ್ದು ಹಳೆಯದಾದದ್ದಕ್ಕಲ್ಲ. ಒಂದು ಕೆಲಸಕ್ಕೆ ಹೆಸರು ಇಲ್ಲದೇ ಹೋದದ್ದಕ್ಕೆ.

ಆ ಕೆಲಸ ಏನು ಎಂದು ತಿಳಿಯಲು ಮೇಲ್ಮುದ್ದೆಯನ್ನು ಪದರ ಪದರವಾಗಿ ಬಿಚ್ಚಿ ನೋಡಬೇಕು.

ಕಂಬದ ಬುಡಕ್ಕೆ ಕಲ್ಲು, ತಲೆಗೆ ಬೋದಿಗೆ, ಅಂದರೆ ಕೆತ್ತಿದ ಅಡ್ಡ ತುಂಡು, ಬೋದಿಗೆಯ ಮೇಲೆ ತೊಲೆ. ತೊಲೆಯಿಂದ ಗೋಡೆಗೆ ಒಂದರಿಂದ ಒಂದೂವರೆ ಅಡಿ ಅಂತರದಲ್ಲಿ ಜಂತಿಗಳು. ಅನುಕೂಲವಿದ್ದ ಊರು ಪಶ್ಚಿಮದ ಹಳಿಯಾಳ, ದಾಂಡೇಲಿ ಕಾಡಿನ ಸಾಗವಾನಿ ತರಿಸಿತು. ಇಲ್ಲದ ಊರು ಬೇವು, ಜಾಲಿಯಲ್ಲಿ ಮುಗಿಸಿತು. ಜಂತಿಯ ಮೇಲೆ ಹಲಿಗೆ, ಇಲ್ಲವೇ ಒತ್ತೊತ್ತಾಗಿ ಜೋಡಿಸಿದ ಸೀಳು ಕಟ್ಟಿಗೆ. ಅದರ ಮೇಲೆ ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು ಎರಡು-ಮೂರು ಇಂಚು. ಮಣ್ಣು ಸಂದಿನಿಂದ ಕೆಳಗೆ ಉದುರದಂತೆ ತಡೆಯುವುದು, ಹುಳ ಹತ್ತದಂತೆ ನೋಡುವುದು ಸೊಪ್ಪಿನ ಕೆಲಸ. ಆಮೇಲೆ ಹೊಟ್ಟು ಹಾಕಿ ತುಳಿದ ಹಸಿ ಮಣ್ಣು ಮೂರು ಇಂಚು. ಅದು ಒಣಗಿ ಬಿರುಕು ಬಿಟ್ಟ ಮೇಲೆ ಬಿರುಕು ತುಂಬಿ, ಮೇಲೆ ಒಣ ಮಸಾರಿ, ಅಂದರೆ ಕೆಂಪು, ಮಣ್ಣು ಮೂರು-ನಾಲ್ಕು ಇಂಚು ಹರಡಿ ಕಟ್ಟಿಗೆಯ ಕೊಡತಿಯಿಂದ ಬಡಿಯಬೇಕು. ಎಲ್ಲಕ್ಕಿಂತ ಮೇಲೆ ಒಂದೂವರೆ-ಎರಡು ಇಂಚು ಸವಳು ಮಣ್ಣು. ಸೊಪ್ಪು ಬಿಟ್ಟು ಮಣ್ಣಿನ ದಪ್ಪವೇ ಎಂಟರಿಂದ 9 ಇಂಚು.

ಸವಳು ಮಣ್ಣೇ ಈ ಮಾಳಿಗೆಯ ಜೀವ. ಕೆಲವು ಕಡೆ ಇದನ್ನು ಚೌಳು ಎನ್ನುತ್ತಾರೆ. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು ಹೂವಿಟ್ಟಂತೆ ಕಾಣುವ, ಬೆಳೆಗೆ ಬಾರದ ನೆಲ. ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಮಣ್ಣು. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ಏಕೆ ವರವಾಯಿತು? ಎರೆ ಮಣ್ಣು ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಹಾಗಾಗಿ ಮೇಲ್ಪದರಕ್ಕೆ ಬಾರದು. ಕೆಂಪು ಮಸಾರಿ ಮಳೆಗೆ ಕಡಿದು ಹೋಗುತ್ತದೆ, ನೀರು ಕುಡಿಯುತ್ತದೆ. ಸವಳಿನಲ್ಲಿ ಸೋಡಿಯಂ ಹೆಚ್ಚು. ಮಳೆನೀರು ತಾಗಿದೊಡನೆ ಅದರ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಹರಡಿ, ಸಣ್ಣ ಸಣ್ಣ ರಂಧ್ರಗಳೊಳಗೆ ಹೋಗಿ ಕೂತು, ದಾರಿ ಮುಚ್ಚುತ್ತವೆ. ಮೇಲಿನ ಅರ್ಧ ಇಂಚು ಅಂಟಿನಂತಾಗಿ ಕೆಳಗಿನದು ಒಣಗಿಯೇ ಉಳಿಯುತ್ತದೆ. ಹೊಲದಲ್ಲಿ ನೀರು ಇಂಗದೆ ಬೆಳೆ ಸಾಯುವುದಕ್ಕೂ ಇದೇ ಕಾರಣ.

ತಂದ ಮಣ್ಣು ನಿಜವಾಗಿ ಸವಳೋ ಅಲ್ಲವೋ ನೋಡಲು ಪ್ರಯೋಗಶಾಲೆ ಬೇಡ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಬಿಡಬೇಕು. ಅಲುಗಾಡಿಸಬಾರದು. ಹತ್ತು ನಿಮಿಷದಲ್ಲಿ ಹೆಂಟೆಯ ಸುತ್ತ ಹಾಲಿನಂತೆ ಮಬ್ಬು ಹಬ್ಬಿದರೆ ಅದು ಮಾಳಿಗೆಯ ಮಣ್ಣು. ಹೆಂಟೆ ಕುಸಿದು ಗುಡ್ಡೆಯಾಗಿ, ಮೇಲಿನ ನೀರು ತಿಳಿಯಾಗಿಯೇ ಉಳಿದರೆ ವಾಪಸು ಕಳಿಸಬೇಕು. ಬೋರಿನ ನೀರು ಈ ಪರೀಕ್ಷೆಗೆ ಸಲ್ಲದು, ಅದರಲ್ಲಿರುವ ಲವಣ ಕಣಗಳನ್ನು ಕೂಡಿಸಿ ತಳಕ್ಕೆ ಇಳಿಸಿ ಮೋಸ ಮಾಡುತ್ತದೆ.

ಸವಳಿಗೆ ಒಂದು ದೌರ್ಬಲ್ಯವಿದೆ. ನಿಂತ ನೀರನ್ನು ತಡೆಯುವ ಅದೇ ಗುಣದಿಂದ, ಓಡುವ ನೀರಿಗೆ ಅದು ಕೊಚ್ಚಿಹೋಗುತ್ತದೆ. ಹಾಗಾಗಿ ಮಾಳಿಗೆಗೆ ಇಳಿಜಾರು ಹೆಚ್ಚಾಗಬಾರದು: ಹತ್ತು ಅಡಿಗೆ ಎರಡು-ಮೂರು ಇಂಚು ಸಾಕು. ಇದು ತಿಳಿಯದೆ ನೀರು ಬೇಗ ಹೋಗಲಿ ಎಂದು ಒಂದು ಕಡೆ ತೀರ ಎತ್ತರಿಸಿದ ಮಾಳಿಗೆಗಳು ಒಂದೇ ಮಳೆಗಾಲದಲ್ಲಿ ಕಾಲುವೆ ಬಿದ್ದು ಹಾಳಾಗಿವೆ.

ಲೆಕ್ಕ ಹಾಕಿದರೆ ಈ ಪದರದ ಮೇಲಿನ ಭಾರ ಗೊತ್ತಾಗುತ್ತದೆ. 30 ಅಡಿಗೆ 20 ಅಡಿ ಮಾಳಿಗೆ ಎಂದರೆ 600 ಚದರ ಅಡಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಸೀಮೆಯಲ್ಲಿ ಅದರ ಮೇಲೆ ಬೀಳುವ ನೀರು ಸುಮಾರು 33,000 ಲೀಟರ್. ಅಷ್ಟೂ ಎರಡೋ ಮೂರೋ ದೋಣಿಯ, ಅಂದರೆ ಗೋಡೆಯಾಚೆ ಚಾಚಿದ ನೀರಿನ ಹರಿನಾಳದ, ಮೂಲಕವೇ ಹೊರಗೆ ಹೋಗಬೇಕು. ಬಡಿದ ಮಣ್ಣು ಘನ ಅಡಿಗೆ 48 ಕೆಜಿ ಎಂದು ಹಿಡಿದರೆ, 9 ಇಂಚು ದಪ್ಪದ ಮಾಳಿಗೆಯ ತೂಕ 21 ಟನ್‌ಗೂ ಹೆಚ್ಚು, ಅದೂ ಒಣಗಿದ್ದಾಗ. ಒಂದು ಇಂಚು ಮಣ್ಣು ಹೆಚ್ಚಾದರೆ 2.4 ಟನ್ ಹೆಚ್ಚಾದಂತೆ.

ಮಾಳಿಗೆ ಸೋರಿತು ಎಂದರೆ ಅದರ ಮೇಲೆ ಇನ್ನೊಂದಿಷ್ಟು ಮಣ್ಣು ಸುರಿದು ಕೈ ತೊಳೆದುಕೊಳ್ಳುವ ಚಟ ಎಷ್ಟು ಅಪಾಯದ್ದು ಎಂಬುದು ಈ ಲೆಕ್ಕದಲ್ಲೇ ಇದೆ. ವರ್ಷಕ್ಕೆ ಅರ್ಧ ಇಂಚು ಹಾಕಬೇಕು, ನಿಜ. ಆದರೆ ಅದಕ್ಕೆ ಮೊದಲು ಸತ್ವ ಹೋದ ಹಳೆಯ ಮಣ್ಣನ್ನು ಅಷ್ಟೇ ಕೆರೆದು ಕೆಳಗಿಳಿಸಬೇಕು. ಕೆರೆಯದೆ ಹಾಕುತ್ತ ಹೋದರೆ, ಮಳೆಗೆ ಕೊಚ್ಚಿಹೋದದ್ದನ್ನು ಕಳೆದರೂ, ಹತ್ತು ವರ್ಷದಲ್ಲಿ ಎಂಟೊಂಬತ್ತು ಟನ್ ಸೇರಬಹುದು. ಜಂತಿ ಬಾಗುತ್ತದೆ, ಬಾಗಿದ ಜಾಗದಲ್ಲಿ ನೀರು ನಿಲ್ಲುತ್ತದೆ, ನಿಂತ ಜಾಗಕ್ಕೆ ಮತ್ತೆ ಮಣ್ಣು ಸುರಿಯುತ್ತಾರೆ. ಮಾಳಿಗೆ ಕೂರುವುದು ಹೀಗೆ. ಅದೂ ಮುಂಗಾರಿಗಿಂತ ಹೆಚ್ಚಾಗಿ ಉತ್ತರಿ, ಹಸ್ತ ಮಳೆಯ ಹೊತ್ತಿಗೆ, ಮೊದಲೇ ತೊಯ್ದ ಮಣ್ಣಿನ ಮೇಲೆ ಎರಡು-ಮೂರು ದಿನ ಬಿಡದೆ ಸುರಿದಾಗ. 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದದ್ದು ಅಂಥ ಮಳೆಗೆ.

ಸೋರುವ ಜಾಗಗಳು ಮೂರೇ ಮೂರು ಎಂದರೂ ತಪ್ಪಿಲ್ಲ. ಒಂದು, ಮಾಳಿಗೆಯಲ್ಲಿ ಬೆಳಕಿಗೆ ಬಿಟ್ಟ ಬೆಳಕಿಂಡಿಯ ಅಂಚು. ಅದರ ಸುತ್ತ ಕಲ್ಲು ಅಥವಾ ಇಟ್ಟಿಗೆಯ ಕಟ್ಟು ಮಾಳಿಗೆಯ ಮಟ್ಟಕ್ಕಿಂತ ನಾಲ್ಕಾರು ಇಂಚು ಮೇಲೆ ಇರಬೇಕು; ವರ್ಷ ವರ್ಷ ಮಣ್ಣು ಏರಿ ಕಟ್ಟು ಹೂತುಹೋಗಿರುತ್ತದೆ. ಎರಡು, ಮಾಳಿಗೆಯ ಅಂಚಿನ ಗಿಡ್ಡ ಗೋಡೆಯಾದ ಕುಂಬಿ ಮತ್ತು ಮಾಳಿಗೆ ಕೂಡುವ ಮೂಲೆ. ಅಲ್ಲಿ ಮಣ್ಣನ್ನು ಒಂದು ಗೇಣು ಅಗಲಕ್ಕೆ ಇಳಿಜಾರಾಗಿ ಒತ್ತಿ ಕಟ್ಟಬೇಕು. ಮೂರು, ದೋಣಿಯ ಬುಡ. ದೋಣಿ ಗೋಡೆಯಿಂದ ಕನಿಷ್ಠ ಎರಡು ಅಡಿ ಹೊರಗೆ ಚಾಚಿರಬೇಕು. ಮುರಿದು ಅರ್ಧ ಅಡಿ ಉಳಿದ ದೋಣಿಯಿಂದ ಬಿದ್ದ ನೀರು ಗಾಳಿಗೆ ತಿರುಗಿ ಗೋಡೆಗೇ ಬಡಿಯುತ್ತದೆ, ಬುಡದ ಮಣ್ಣು ಕೊರೆಯುತ್ತದೆ. ಒಂದು ದೋಣಿ ಕಟ್ಟಿಕೊಂಡರೆ ಅಷ್ಟೂ ನೀರು ಮಾಳಿಗೆಯ ಮೇಲೆ ಕೆರೆಯಾಗುತ್ತದೆ. ಪಾರಿವಾಳದ ಗೂಡು, ಬೇವಿನ ಎಲೆ, ಮಕ್ಕಳ ಚೆಂಡು, ಏನು ಬೇಕಾದರೂ ಕಟ್ಟೀತು.

ಸೋರಿದ ನೀರು ಗೋಡೆಯೊಳಗಿನ ಜಂತಿಯ ತುದಿಗೆ ಸೇರಿದಾಗ ನಿಜವಾದ ನಷ್ಟ ಶುರು. ಅಲ್ಲಿ ಗಾಳಿ ಆಡುವುದಿಲ್ಲ. ಹೊರಗೆ ಕಾಣುವ ಭಾಗ ಗಟ್ಟಿ ಇದ್ದರೂ ಒಳಗಿನ ಒಂದು ಅಡಿ ಮಡ್ಡಿಯಾಗಿರುತ್ತದೆ. ದಪ್ಪ ದಬ್ಬಣದಿಂದ ಗೋಡೆಯ ಒತ್ತಿಗೆ ಚುಚ್ಚಿ ನೋಡಬೇಕು. ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಜಂತಿಯನ್ನು ನಂಬಬಾರದು. ಜಂತಿ ಪೂರ್ತಿ ಬದಲಿಸುವ ಅಗತ್ಯ ಬಹಳ ಸಲ ಇರುವುದಿಲ್ಲ. ಗೋಡೆಯ ಪಕ್ಕ, ಅದರಿಂದ ನಾಲ್ಕು ಇಂಚು ಬಿಟ್ಟು, ಎರಡು ಕಂಬದ ಮೇಲೆ ಒಂದು ಆಸರೆ ತೊಲೆ ಕೊಟ್ಟರೆ ಸಾಲಿನ ಎಲ್ಲ ತುದಿಗಳೂ ಗಟ್ಟಿ ಭಾಗದಲ್ಲೇ ಕೂರುತ್ತವೆ. ಬದಲಿಸಲೇಬೇಕಾದಾಗ ಮೊದಲು ಕೆಳಗೆ ಆಸರೆ, ಆಮೇಲೆ ಮೇಲಿನ ಮಣ್ಣು ತೆಗೆಯುವುದು. ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ ತೆಗೆದು ತಕ್ಷಣ ಕೆಳಗಿಳಿಸಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಒಂದು ಮೂಲೆಗೆ ರಾಶಿ ಹಾಕಿದ ದಿನವೇ ಆ ಮೂಲೆ ಕುಸಿದ ಉದಾಹರಣೆಗಳಿವೆ. ಬಾಗಿದ ತೊಲೆಯನ್ನು ಜಾಕ್ ಇಟ್ಟು ಎತ್ತುವುದಾದರೆ ದಿನಕ್ಕೆ ಎರಡು-ಮೂರು ಮಿಲಿಮೀಟರ್ ಮೀರಬಾರದು. ನೂರು ವರ್ಷ ಬಾಗಿ ನಿಂತ ಕಟ್ಟಿಗೆ ಒಂದೇ ದಿನ ನೆಟ್ಟಗಾಗು ಎಂದರೆ ಸೀಳುತ್ತದೆ.

ಈಗ ಸಿಮೆಂಟು. ಚಾವಡಿಯ ಮೇಲೆ ಪ್ರೀತಿ ಇದ್ದವರೇ ಹೆಚ್ಚಾಗಿ ಅದನ್ನು ಸಿಮೆಂಟಿನಿಂದ ಕೊಂದಿದ್ದಾರೆ, ಇದನ್ನು ನೋವಿನಿಂದಲೇ ಹೇಳಬೇಕು. ಅನುದಾನ ಬಂತು, ಸೋರುವ ಮಾಳಿಗೆಯ ಮೇಲೆ ಒಂದು ಇಂಚು ಸಿಮೆಂಟು ಗಿಲಾವು ಬಿತ್ತು. ಅದರ ಭಾರವೇ ಮೂರು ಟನ್. ಕೆಳಗಿನ ಕಟ್ಟಿಗೆ ಬಿಸಿಲಿಗೆ, ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಮೇಲಿನ ಹಾಳೆ ಅದರ ಜೊತೆ ಬಾಗಲಾರದೆ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಆರಲು ದಾರಿ ಇಲ್ಲ. ಮಣ್ಣಿನ ಮಾಳಿಗೆ ಸೋರಿದರೆ ಮರುದಿನ ಗೊತ್ತಾಗುತ್ತದೆ. ಸಿಮೆಂಟಿನ ಕೆಳಗಿನ ಕಟ್ಟಿಗೆ ಐದಾರು ವರ್ಷ ಸುಮ್ಮನೆ ಕೊಳೆತು, ಒಂದು ದಿನ ಬೀಳುತ್ತದೆ. ಗೋಡೆಗೂ ಹಾಗೆಯೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದ ತೇವ ಕುಡಿದು ಮೈಯಿಂದ ಹೊರಗೆ ಬಿಡುತ್ತ ಇರುತ್ತದೆ. ಸಿಮೆಂಟು, ಆಯಿಲ್ ಪೇಂಟು ಬಳಿದರೆ ತೇವ ಒಳಗೇ ಉಳಿದು ಮೇಲಕ್ಕೆ ಏರುತ್ತದೆ. ಕೆಲವು ವರ್ಷಕ್ಕೆ ಗಿಲಾವು ಹಿಂದಿನ ಮಣ್ಣನ್ನೂ ಹಿಡಿದುಕೊಂಡು ಚಪ್ಪಡಿಯಾಗಿ ಕಳಚುತ್ತದೆ.

ಗೋಡೆಗೆ ಬೇಕಾದದ್ದು ಒಳಗೆ ಮಣ್ಣು-ಸೆಗಣಿಯ ಸಾರಣೆ, ಹೊರಗೆ ಸುಣ್ಣ. ಹೊರ ಗಿಲಾವಿಗೆ ನೀರಲ್ಲಿ ಕನಿಷ್ಠ ಎರಡು-ಮೂರು ವಾರ ಕೊಳೆತ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಬಳಿದ ಮೇಲೆ ಗೋಣಿ ತಟ್ಟು ಇಳಿಬಿಟ್ಟು ವಾರ ಹತ್ತು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಬಿಸಿಲಲ್ಲಿ ಬೇಗ ಒಣಗಿದ ಸುಣ್ಣ ಪುಡಿಯಾಗಿ ಉದುರುತ್ತದೆ. ಬಣ್ಣಕ್ಕೆ ತೆಳು ಸುಣ್ಣ ಮೂರು ಸಲ, ದಪ್ಪ ಒಂದು ಸಲ ಬೇಡ.

ಮಾಳಿಗೆಯ ಮೇಲೆ ತಗಡು ಹಾಕಬಹುದೇ ಎಂದು ಬಹಳ ಊರುಗಳು ಕೇಳುತ್ತವೆ. ಹಾಕಬಹುದು, ಷರತ್ತಿನ ಮೇಲೆ. ತಗಡಿನ ಚೌಕಟ್ಟು ಗೋಡೆಯ ಹೊರಗೆ ತನ್ನದೇ ಕಂಬದ ಮೇಲೆ ನಿಲ್ಲಬೇಕು, ಹಳೆಯ ಕುಂಬಿಗೆ ಬೋಲ್ಟು ಹೊಡೆಯಬಾರದು. ಮಾಳಿಗೆಗೂ ತಗಡಿಗೂ ನಡುವೆ ಮನುಷ್ಯ ಬಗ್ಗಿ ಓಡಾಡುವಷ್ಟು ಜಾಗ ಇರಬೇಕು. ನೋಡಲು ಚೆಂದವಲ್ಲ. ಆದರೆ ಮಣ್ಣು ಹಾಕುವವರು ಇಲ್ಲದ ಊರಲ್ಲಿ ಸಿಮೆಂಟಿಗಿಂತ ಸಾವಿರ ಪಾಲು ಮೇಲು. ನಾಳೆ ಜನ ಸಿಕ್ಕರೆ ಬಿಚ್ಚಿ ತೆಗೆಯಬಹುದು.

ಬುಡದ ವಿಷಯದಲ್ಲಿ ಈಚಿನ ಶತ್ರು ರಸ್ತೆ. ಚಾವಡಿಯ ಎದುರಿನ ಓಣಿಗೆ ಕಾಂಕ್ರೀಟ್ ಹಾಕುವಾಗ ಹಳೆಯದನ್ನು ಅಗೆಯದೆ ಅದರ ಮೇಲೇ ಸುರಿಯುತ್ತಾರೆ. ಎರಡು ಸಲ ಹೀಗಾದರೆ ಎರಡೂವರೆ ಅಡಿ ಇದ್ದ ಕಟ್ಟೆ ಒಂದೂವರೆಗೆ ಇಳಿಯುತ್ತದೆ, ಓಣಿಯ ನೀರು ಕಂಬದ ಬುಡಕ್ಕೆ ಬರುತ್ತದೆ. ಎರೆಭೂಮಿ ಒಂದು ಕಡೆ ತೊಯ್ದು ಹಿಗ್ಗಿ, ಇನ್ನೊಂದು ಕಡೆ ಒಣಗಿ ಬಿರಿದರೆ ಗೋಡೆಯ ಮೂಲೆ ಸೀಳುತ್ತದೆ. ಹಿಂದಿನವರು ಎರೆಯನ್ನು ದಾಟಿ ಗರಸು, ಅಂದರೆ ಗಟ್ಟಿ ಹರಳು ನೆಲ, ಸಿಗುವವರೆಗೆ ಅಗೆದು ತಳಪಾಯ ಇಟ್ಟದ್ದು ಇದಕ್ಕೇ. ಆದರೆ ಎಲ್ಲ ಚಾವಡಿಗೂ ಅಷ್ಟು ಆಳ ಇರುವುದಿಲ್ಲ. ಗೋಡೆಯಿಂದ ಮೂರು ಅಡಿ ದೂರಕ್ಕೆ ಆಳವಿಲ್ಲದ ಗಟಾರು ತೆಗೆದು ನೀರನ್ನು ಸುತ್ತಿಸಬೇಕು. ಗೋಡೆಯ ಒತ್ತಿಗೇ ಆಳವಾಗಿ ಅಗೆದರೆ ಇದ್ದ ತಳಪಾಯವೂ ಸಡಿಲಾಗುತ್ತದೆ.

ಕೆಲಸಕ್ಕೆ ಹೊತ್ತು ಯುಗಾದಿ ಕಳೆದು ರೋಹಿಣಿ ಮಳೆ ಹೂಡುವ ಮೊದಲು. ಒಂದು ಚಕ್ಕಡಿಗೆ ಅರ್ಧ ಟನ್ ಎಂದು ಹಿಡಿದರೆ 600 ಚದರ ಅಡಿಯ ಮೇಲೆ ಅರ್ಧ ಇಂಚು ಹಾಕಲು ಎರಡೂವರೆ ಚಕ್ಕಡಿ ಸವಳು ಸಾಕು. ಆರು ಜನಕ್ಕೆ ಎರಡು ದಿನದ ದುಡಿಮೆ. ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ ಈ ಎರಡು ದಿನದ ಕೂಲಿಯನ್ನು ವರ್ಷದ ಖರ್ಚಿನಲ್ಲೇ ಬರೆದಿಟ್ಟ ಊರಿಗೆ ದೊಡ್ಡ ಅನುದಾನದ ಹಂಗಿಲ್ಲ. ಮೊದಲ ದಿನ ಕಸ, ಹುಲ್ಲು, ಬೇರು ಕಿತ್ತು, ಹೆಗ್ಗಣದ ಬಿಲ ಅಗೆದು ತುಂಬಿ, ಹಳೆಯದನ್ನು ಕೆರೆದು ಇಳಿಸುವುದು. ಮಾಳಿಗೆಯ ಮೇಲೆ ಹುಟ್ಟಿದ ಅರಳಿ, ಆಲದ ಸಸಿಯನ್ನು ಮೇಲೆ ಕಡಿದರೆ ಸಾಲದು, ಬೇರು ಹೋದ ದಾರಿಯನ್ನೇ ಬಿಚ್ಚಿ ತೆಗೆಯಬೇಕು. ಎರಡನೆಯ ದಿನ ಸವಳು ಹರಡಿ, ಸಣ್ಣಗೆ ನೀರು ಚಿಮುಕಿಸಿ, ಕೊಡತಿಯಿಂದ ಕುಂಬಿಯ ಕಡೆಯಿಂದ ದೋಣಿಯ ಕಡೆಗೆ ಬಡಿಯುತ್ತ ಬರುವುದು.

ಆಮೇಲೆ ಮೊದಲ ಅಡ್ಡಮಳೆಗೆ ಕಾಯಬೇಕು. ಮಳೆ ಬೀಳುತ್ತಿರುವಾಗಲೇ ಒಬ್ಬರು ಸೀಮೆಸುಣ್ಣ ಹಿಡಿದು ಒಳಗೆ ನಿಂತಿರಬೇಕು. ಬಾಗಿಲ ಕಡೆಯಿಂದ ಜಂತಿ ಎಣಿಸಿ, ಹನಿ ಬಿದ್ದ ಜಂತಿಗೆ ಗೆರೆ ಎಳೆದು, ದಪ್ತರದ ಕೋಣೆಯಲ್ಲಿಟ್ಟ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾವ ಮಳೆ, ಎಷ್ಟನೇ ಜಂತಿ, ತೊಲೆಯಿಂದ ಎಷ್ಟು ಅಡಿ. ಮರುದಿನ ಬಿಸಿಲು ಬಿದ್ದ ಮೇಲೆ ಅಷ್ಟೇ ಅಡಿ ಅಳೆದು, ಮೇಲೆ ಆ ಜಾಗಕ್ಕೆ ಎರಡು ಬುಟ್ಟಿ ಸವಳು.